ಫೈರ್ ಬ್ಯಾನ್ ದಿನ ಗ್ಯಾಸ್ ಮೇಲೆ ಕ್ಯಾಂಪ್ ಓವನ್ ಅಡುಗೆ: ಮೊದಲಿಂದ ಕೊನೆವರೆಗೆ

ಕ್ರಿಸ್‌ಮಸ್ ರಜೆಯಿಂದ ಹಿಡಿದು ಜನವರಿ 26ರವರೆಗೆ ಆಸ್ಟ್ರೇಲಿಯಾದಲ್ಲಿರುವ ನಮ್ಮ ಜನ ಟೆಂಟು, ಚಾಪೆ, ಅಕ್ಕಿ, ಬೇಳೆ ಕಟ್ಟಿಕೊಂಡು ಕ್ಯಾಂಪಿಂಗ್‌ಗೆ ಹೊರಡುತ್ತಾರೆ. ಟೋಟಲ್ ಫೈರ್ ಬ್ಯಾನ್, ಅಂದರೆ ಬಯಲಲ್ಲಿ ಬೆಂಕಿ ಹಚ್ಚುವುದಕ್ಕೆ ನಿಷೇಧ, ಬೀಳುವುದೂ ಅದೇ ದಿನಗಳಲ್ಲಿ. ಕಟ್ಟಿಗೆ ಹಚ್ಚುವ ಹಾಗಿಲ್ಲ, ಪರವಾಗಿಲ್ಲ ಗ್ಯಾಸ್ ಇದೆಯಲ್ಲ ಅಂತ ಕ್ಯಾಂಪ್ ಓವನ್ನನ್ನು (ಭಾರದ ಮುಚ್ಚಳ ಇರುವ ಕಬ್ಬಿಣದ ಪಾತ್ರೆ) ಬರ್ನರ್ ಮೇಲಿಟ್ಟು ಕೆಂಡದ ಮೇಲೆ ಮಾಡುವ ಹಾಗೇ ಮಾಡಲು ಹೋಗುತ್ತಾರೆ. ಅಲ್ಲಿಂದ ಎಡವಟ್ಟು ಶುರು. ತಳ ಕರಕಲು, ಮೇಲೆ ಹಸಿ ಹಿಟ್ಟು. ಇಲ್ಲದಿದ್ದರೆ ಮುಚ್ಚಳದ ಮೇಲೆ ನಾಲ್ಕು ಇದ್ದಿಲು ಹಾಕಿ ದಂಡ ಕಟ್ಟುವ ಪರಿಸ್ಥಿತಿ. ಎಲ್ಲಕ್ಕಿಂತ ಕೆಟ್ಟದ್ದು, ಪುಟ್ಟ ಬ್ಯೂಟೇನ್ ಸ್ಟೋವ್ ಮೇಲೆ ದೊಡ್ಡ ಕಬ್ಬಿಣದ ಪಾತ್ರೆ ಇಟ್ಟು ಅದರ ಪಕ್ಕದಲ್ಲೇ ಮಕ್ಕಳನ್ನು ಕೂರಿಸಿಕೊಳ್ಳುವುದು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ವಿಕ್ಟೋರಿಯಾದ ನಿಯಮ, ಜೊತೆಗೆ ನ್ಯೂ ಸೌತ್ ವೇಲ್ಸ್‌ನದ್ದು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಡುಗೆ ಬರುವುದು ಆರನೇ ಹಂತದಲ್ಲಿ, ಅದಕ್ಕೆ ಕಾರಣ ಇದೆ.

1. ಹಿಂದಿನ ಸಂಜೆಯೇ ಬ್ಯಾನ್ ನೋಡಿ

ವಿಕ್ಟೋರಿಯಾದಲ್ಲಿ ಬ್ಯಾನ್ ಘೋಷಿಸುವುದು ಸಿಎಫ್‌ಎ, ಅಂದರೆ ಕಂಟ್ರಿ ಫೈರ್ ಅಥಾರಿಟಿ ಅನ್ನುವ ಅಗ್ನಿಶಾಮಕ ಸಂಸ್ಥೆ. ರಾಜ್ಯವನ್ನು 9 ಫೈರ್ ಡಿಸ್ಟ್ರಿಕ್ಟ್‌ಗಳಾಗಿ ಮಾಡಿದ್ದಾರೆ, ಬ್ಯಾನ್ ಒಂದಕ್ಕೆ ಇದ್ದು ಪಕ್ಕದ್ದಕ್ಕೆ ಇಲ್ಲದೆ ಇರಬಹುದು. ಮೆಲ್ಬರ್ನ್ ಇರುವುದು ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿ. ಬ್ರೈಟ್ ಕಡೆ ಹೋದರೆ ನಾರ್ತ್ ಈಸ್ಟ್, ಮಿಲ್ಡುರಾ ಕಡೆ ಹೋದರೆ ಮ್ಯಾಲಿ. ಮನೆಯ ಡಿಸ್ಟ್ರಿಕ್ಟ್ ನೋಡಿಕೊಂಡು ಹೊರಡುವವರು ತುಂಬಾ ಜನ. ನೀವು ನೋಡಬೇಕಾದದ್ದು ಟೆಂಟ್ ಹಾಕುವ ಜಾಗದ್ದು.

ಬ್ಯಾನ್ ಸಾಮಾನ್ಯವಾಗಿ ರಾತ್ರಿ 12ರಿಂದ ಮರುದಿನ ರಾತ್ರಿ 12ರವರೆಗೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ನಾಳೆ ಬ್ಯಾನ್ ಇದ್ದರೆ ಇವತ್ತು ಸಂಜೆ ಹಚ್ಚಿದ ಕ್ಯಾಂಪ್‌ಫೈರ್ 12ರ ಒಳಗೆ ಪೂರ್ತಿ ತಣ್ಣಗಾಗಿರಬೇಕು. ಬೆಳಗ್ಗೆ ಎದ್ದು ಬೂದಿ ಕೆದಕಿದಾಗ ಕೆಂಡ ಸಿಕ್ಕಿದರೆ ನೀವು ನಿಯಮ ಮುರಿದ ಹಾಗೇ. ನೀರು ಸುರಿದು, ಕೆದಕಿ, ಮತ್ತೆ ಸುರಿದು, ಕೈ ಹತ್ತಿರ ಹಿಡಿದು ನೋಡಿ ಮಲಗಿ.

ನೋಡುವುದಕ್ಕೆ ವಿಕ್ಟೋರಿಯಾದಲ್ಲಿ ವಿಕ್‌ಎಮರ್ಜೆನ್ಸಿ ಆ್ಯಪ್, ನ್ಯೂ ಸೌತ್ ವೇಲ್ಸ್‌ನಲ್ಲಿ ಹಜಾರ್ಡ್ಸ್ ನಿಯರ್ ಮಿ. ಕ್ಯಾಂಪ್ ಜಾಗದಲ್ಲಿ ಸಿಗ್ನಲ್ ಇರುತ್ತದೆ ಅಂತ ನಂಬಬೇಡಿ. ಕಾರಿನ ರೇಡಿಯೋದಲ್ಲಿ ಎಬಿಸಿಯ (ಇಲ್ಲಿನ ಸರ್ಕಾರಿ ರೇಡಿಯೋ) ಲೋಕಲ್ ಸ್ಟೇಷನ್ ಯಾವ ನಂಬರಿನಲ್ಲಿ ಬರುತ್ತದೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಇನ್ನೊಂದು ಗೊಂದಲ. 2022ರ ಸೆಪ್ಟೆಂಬರ್‌ನಿಂದ ಇಡೀ ಆಸ್ಟ್ರೇಲಿಯಾಕ್ಕೆ ಬೆಂಕಿ ಅಪಾಯದ ಒಂದೇ ಥರದ ರೇಟಿಂಗ್ ಇದೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರಾಫಿಕ್. ರೇಟಿಂಗ್ ಬೇರೆ, ಬ್ಯಾನ್ ಬೇರೆ, ಎರಡನ್ನೂ ನೋಡಬೇಕು. ಕ್ಯಾಟಸ್ಟ್ರಾಫಿಕ್ ಅಂತ ಬಂದರೆ ಓವನ್, ಗ್ಯಾಸ್ ಯಾವುದರ ಮಾತೂ ಇಲ್ಲ. ಕಾಡಿನ ಕಡೆ ಹೋಗಬೇಡಿ, ಅಲ್ಲೇ ಇದ್ದರೆ ಹಿಂದಿನ ರಾತ್ರಿ ಅಥವಾ ಬೆಳಗಿನ ಜಾವವೇ ಹೊರಟುಬಿಡಿ.

2. ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ

ವಿಕ್ಟೋರಿಯಾದಲ್ಲಿ ಬ್ಯಾನ್ ದಿನ ಗ್ಯಾಸ್ ಅಥವಾ ಕರೆಂಟಿನ ಬಾರ್ಬೆಕ್ಯೂ, ಸ್ಟೋವ್ ಉಪಯೋಗಿಸಬಹುದು. ಆದರೆ ಷರತ್ತುಗಳಿವೆ:

- ಅದು ಅಡುಗೆಗಂತಲೇ ಮಾಡಿದ, ಕಂಪನಿಯಿಂದ ತಯಾರಾಗಿ ಬಂದ ಸಾಧನ ಆಗಿರಬೇಕು, ಅಲುಗಾಡದ ಹಾಗೆ ನಿಂತಿರಬೇಕು
- ಸುತ್ತ 3 ಮೀಟರ್‌ನಲ್ಲಿ ಬೆಂಕಿ ಹಿಡಿಯುವಂಥದ್ದು ಏನೂ ಇರಬಾರದು
- ನಲ್ಲಿಗೆ ಜೋಡಿಸಿದ ಪೈಪ್ ಅಥವಾ ಕನಿಷ್ಠ 10 ಲೀಟರ್ ನೀರು ಪಕ್ಕದಲ್ಲೇ ಇರಬೇಕು
- ಬೆಂಕಿ ಆರಿಸುವ ಶಕ್ತಿ ಇರುವ ದೊಡ್ಡವರೊಬ್ಬರು ಉರಿ ಆರುವ ತನಕ ಅಲ್ಲೇ ಇರಬೇಕು

ಮೊದಲ ಷರತ್ತನ್ನು ಎರಡು ಸಲ ಓದಿ. ಮನೆಯಲ್ಲಿ ವೆಲ್ಡಿಂಗ್ ಮಾಡಿಸಿದ ಬರ್ನರ್ ಆಗುವುದಿಲ್ಲ. ಚಳಿ ಕಾಯಿಸುವ ಗ್ಯಾಸ್ ಫೈರ್‌ಪಿಟ್ ಮೇಲೆ ಪಾತ್ರೆ ಇಟ್ಟು "ಇದೂ ಅಡುಗೆಯೇ ಅಲ್ವಾ" ಅಂದರೂ ಆಗುವುದಿಲ್ಲ. ಇದ್ದಿಲು, ಹೀಟ್ ಬೀಡ್ಸ್ (ಒತ್ತಿ ಮಾಡಿದ ಇದ್ದಿಲಿನ ಉಂಡೆ), ಕಟ್ಟಿಗೆಯ ಚೂರು ಒಂದೂ ಕೂಡದು, ಮುಚ್ಚಳದ ಮೇಲೂ ಕೂಡದು. ಕೆಳಗೆ ಗ್ಯಾಸ್ ಇದೆ ಅನ್ನುವ ಕಾರಣಕ್ಕೆ ಮೇಲಿನ ಕೆಂಡಕ್ಕೆ ವಿನಾಯಿತಿ ಸಿಗುವುದಿಲ್ಲ. ಗಾಳಿ ಬೀಸಿದಾಗ ಮುಚ್ಚಳದಿಂದ ಹಾರುವ ಒಂದು ಕಿಡಿ ಸಾಕು.

ನ್ಯೂ ಸೌತ್ ವೇಲ್ಸ್ ಇನ್ನೂ ಬಿಗಿ. ಮನೆ ಇರುವ ಜಾಗದಲ್ಲಿ, ಮನೆಯಿಂದ 20 ಮೀಟರ್ ಒಳಗೆ, ಇಲ್ಲವೇ ಅದಕ್ಕಂತಲೇ ಗೊತ್ತು ಮಾಡಿದ ಪಿಕ್ನಿಕ್ ಅಥವಾ ಕ್ಯಾಂಪಿಂಗ್ ಜಾಗದಲ್ಲಿ ಮಾತ್ರ. ಅಲ್ಲೂ ಜಾಗ ನೋಡಿಕೊಳ್ಳುವವರ ಒಪ್ಪಿಗೆ ಬೇಕು. ಸುತ್ತ 2 ಮೀಟರ್ ಖಾಲಿ ಇರಬೇಕು, ತಕ್ಷಣ ಹರಿಸುವಂಥ ನೀರಿನ ವ್ಯವಸ್ಥೆ ಬೇಕು. ಅಂದರೆ ಕಾಡಿನ ಮಧ್ಯೆ ಎಲ್ಲೋ ಕಾರು ನಿಲ್ಲಿಸಿ ಸ್ಟೋವ್ ಹಚ್ಚುವುದಕ್ಕೆ ಅಲ್ಲಿ ಅವಕಾಶ ಇಲ್ಲ. ಸೌತ್ ಆಸ್ಟ್ರೇಲಿಯಾ, ವೆಸ್ಟರ್ನ್ ಆಸ್ಟ್ರೇಲಿಯಾಗಳ ಅಳತೆಗಳೇ ಬೇರೆ. ಗಡಿ ದಾಟುವಾಗ ಮತ್ತೆ ಓದಿಕೊಳ್ಳಿ. ಯಾವ ರಾಜ್ಯವಾದರೂ ಸರಿ, ಪಾರ್ಕ್‌ನವರು ಅಥವಾ ಕ್ಯಾಂಪ್ ಜಾಗದವರು ತಮ್ಮದೇ ನಿಷೇಧ ಹಾಕಿರಬಹುದು, ಅದಕ್ಕೆ ಬುಕಿಂಗ್ ಮಾಡುವಾಗಲೇ ಕೇಳಿ.

3. ಬೇಕಾದ ಸಾಮಾನು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಅಡುಗೆ ಕೆಡುವುದೂ ಅಪಾಯ ಆಗುವುದೂ ಸಾಮಾನಿನಿಂದಲೇ.

ಓವನ್: ತಳ ಚಪ್ಪಟೆ ಇರುವ ಕ್ಯಾಸ್ಟ್ ಐರನ್ ಪಾತ್ರೆ. ಮೂರು ಕಾಲಿರುವುದು ಕೆಂಡಕ್ಕೆ ಸರಿ, ಬರ್ನರ್ ಮೇಲೆ ಅದು ಕೂರುವುದಿಲ್ಲ, ಜಾರುತ್ತದೆ. 4ರಿಂದ 5 ಲೀಟರಿನದ್ದು ಒಂದು ಮನೆಗೆ ಸಾಕು. ಇದಕ್ಕಿಂತ ಅಗಲ ಆದರೆ ಗ್ಯಾಸಿನ ಉರಿ ನಡುವಿಗೆ ಮಾತ್ರ ಸಿಗುತ್ತದೆ, ಅಂಚು ತಣ್ಣಗೆ ಉಳಿಯುತ್ತದೆ.

ಬರ್ನರ್: ಸಿಲಿಂಡರ್ ದೂರ ಇಟ್ಟು ಪೈಪಿನಿಂದ ಜೋಡಿಸುವ ರಿಂಗ್ ಬರ್ನರ್ ಅಥವಾ ಎರಡು ಒಲೆಯ ಕ್ಯಾಂಪ್ ಸ್ಟೋವ್. ಭಾರ ತಡೆಯುವಂಥದ್ದು ಇರಲಿ. ತುಂಬಿದ ಕ್ಯಾಂಪ್ ಓವನ್ ಹತ್ತು ಕಿಲೋ ದಾಟಬಹುದು.

ಈಗ ಆ ಬ್ಯೂಟೇನ್ ಸ್ಟೋವ್ ವಿಷಯ. ಪೆಟ್ಟಿಗೆಯ ಹಾಗಿರುವ, ಒಳಗೆ ಸ್ಪ್ರೇ ಡಬ್ಬಿಯಂಥ ಕ್ಯಾನ್ ಕೂರಿಸುವ ಸಣ್ಣ ಸ್ಟೋವ್ ಎಲ್ಲರ ಮನೆಯಲ್ಲೂ ಇದೆ. ಚಹಾ, ದೋಸೆಗೆ ಪರವಾಗಿಲ್ಲ. ಕ್ಯಾಂಪ್ ಓವನ್ ಇಡಲೇಬಾರದು. ಅದರಲ್ಲಿ ಕ್ಯಾನ್ ಇರುವುದು ಉರಿಯ ಪಕ್ಕದಲ್ಲೇ. ಅಗಲ ಪಾತ್ರೆ ಇಟ್ಟರೆ ಅದು ಕ್ಯಾನ್ ಇರುವ ಜಾಗದ ಮೇಲೆ ಚಾಚಿಕೊಳ್ಳುತ್ತದೆ. ಕಬ್ಬಿಣ ಗಂಟೆಗಟ್ಟಲೆ ಕಾದು ಕೆಳಗೆ ಶಾಖ ಬಿಡುತ್ತದೆ, ಕ್ಯಾನ್ ಒಳಗೆ ಒತ್ತಡ ಏರುತ್ತದೆ, ಕೊನೆಗೆ ಸಿಡಿಯುತ್ತದೆ. ಒತ್ತಡ ಏರಿದಾಗ ತಾನೇ ಆರುವ ವ್ಯವಸ್ಥೆ ಇದೆ ಅನ್ನುತ್ತಾರೆ, ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತಲೇ 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಇಂಥ ಹಲವು ಮಾಡೆಲ್‌ಗಳ ಮಾರಾಟ ನಿಲ್ಲಿಸಿದ್ದರು. ಎಷ್ಟು ಅಗಲದ ಪಾತ್ರೆ ಇಡಬಹುದು ಅಂತ ಸ್ಟೋವ್ ಮೇಲೋ ಅದರ ಜೊತೆ ಬಂದ ಚೀಟಿಯಲ್ಲೋ ಬರೆದಿರುತ್ತದೆ, ಅದನ್ನು ಮೀರಬೇಡಿ. ಎರಡು ಸ್ಟೋವ್ ಜೋಡಿಸಿ ಮೇಲೊಂದು ದೊಡ್ಡ ಹೆಂಚು ಇಡುವುದಂತೂ ಯೋಚನೆಯೂ ಬೇಡ.

ಶಾಖ ಹರಡುವ ತಟ್ಟೆ: ಬರ್ನರ್‌ಗೂ ಪಾತ್ರೆಗೂ ನಡುವೆ ಇಡುವ ದಪ್ಪ ಕಬ್ಬಿಣದ ಅಥವಾ ಉಕ್ಕಿನ ತಟ್ಟೆ. ಬಿರಿಯಾನಿ ದಮ್‌ಗೆ ಇಡುವಾಗ ಪಾತ್ರೆ ಕೆಳಗೆ ತವಾ ಇಡುತ್ತೇವಲ್ಲ, ಅದೇ ಕೆಲಸ. ಇದಿಲ್ಲದೆ ಬ್ರೆಡ್ ಮಾಡಲು ಹೋಗಬೇಡಿ.

ಟ್ರಿವೆಟ್: ಪಾತ್ರೆಯ ಒಳಗೆ ತಳದಲ್ಲಿ ಇಡುವ ಕಂಬಿ ಸ್ಟ್ಯಾಂಡ್. ಹಿಟ್ಟು ತಳಕ್ಕೆ ತಾಗಬಾರದು, ಕೆಳಗೆ ಬಿಸಿಗಾಳಿ ಸುತ್ತಬೇಕು. ಒಂದೆರಡು ಸೆಂಟಿಮೀಟರ್ ಎತ್ತರ ಸಾಕು.

ಇವುಗಳ ಜೊತೆ ಚರ್ಮದ ಉದ್ದ ಗ್ಲೌಸ್, ಮುಚ್ಚಳ ಎತ್ತುವ ಕೊಕ್ಕೆ, ಸೋಪು ನೀರಿನ ಸ್ಪ್ರೇ ಬಾಟಲಿ, ಫೈರ್ ಬ್ಲಾಂಕೆಟ್, ಅಗಲ ಬಾಯಿಯ ಬಕೆಟ್. ನೀರನ್ನು ಮುಚ್ಚಳ ಬಿಗಿದ ಕ್ಯಾನಿನಲ್ಲಿ ಇಟ್ಟರೆ ಗಾಬರಿಯಲ್ಲಿ ತಿರುಗಿಸಲು ಆಗುವುದಿಲ್ಲ, ಬಕೆಟಿನಲ್ಲೇ ಇರಲಿ.

ಗ್ಯಾಸ್ ಎಷ್ಟು ಬೇಕು ಅನ್ನುವ ಲೆಕ್ಕ ಸುಲಭ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 49 ಮೆಗಾಜೂಲ್ ಶಾಖ ಇದೆ. ಬರ್ನರ್ ಮೇಲೆ ಗಂಟೆಗೆ 10 ಮೆಗಾಜೂಲ್ ಅಂತ ಬರೆದಿದ್ದರೆ 2 ಕಿಲೋ ಸಿಲಿಂಡರ್ ಪೂರ್ತಿ ಉರಿಯಲ್ಲೂ ಹತ್ತಿರ ಹತ್ತಿರ 10 ಗಂಟೆ ಬರುತ್ತದೆ.

4. ಜಾಗ ಮತ್ತು ಹೊತ್ತು

ಮೊದಲು ಹೊತ್ತು. ಬ್ಯಾನ್ ದಿನ ವಿಕ್ಟೋರಿಯಾದಲ್ಲಿ ಸಾಮಾನ್ಯವಾಗಿ ಉತ್ತರದಿಂದ ಒಣ ಬಿಸಿಗಾಳಿ ಏರುತ್ತಾ ಹೋಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ನೈಋತ್ಯಕ್ಕೆ ತಿರುಗುತ್ತದೆ. ಈ ತಿರುವಿನ ಹೊತ್ತಿನಲ್ಲಿ ಒಲೆ ಮುಂದೆ ಇರಬಾರದು. ಬೆಳಗ್ಗೆ ಬೇಗ ಎದ್ದು ಗಾಳಿ ಏಳುವ ಮೊದಲೇ ಬೇಯಿಸಿ ಮುಗಿಸಿ. ಮಧ್ಯಾಹ್ನಕ್ಕೆ ಮೊಸರು, ಸೌತೆಕಾಯಿ, ಬ್ರೆಡ್ಡು, ಹಣ್ಣು. ಬೆಳಗ್ಗೆ ಮಾಡಿದ್ದನ್ನು ಉಳಿಸಬೇಕಾದರೆ ಸಣ್ಣ ಡಬ್ಬಗಳಿಗೆ ಹಾಕಿ ಆರಿಸಿ ಐಸ್ ಬಾಕ್ಸಿಗೆ ಸೇರಿಸಿ. 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಆಹಾರ ಕೆಡುತ್ತದೆ, ಆ ಸೆಕೆಯಲ್ಲಿ ಅನ್ನವನ್ನು ಸುಮ್ನೆ ಟೇಬಲ್ ಮೇಲೆ ಬಿಡಬೇಡಿ.

ಆಮೇಲೆ ಜಾಗ. ಬರ್ನರ್ ಇಡುವ ಬಿಂದುವಿನಿಂದ ನಾಲ್ಕೂ ಕಡೆ 3 ಮೀಟರ್ ಹೆಜ್ಜೆ ಹಾಕಿ ಅಳೆಯಿರಿ. ದೊಡ್ಡವರ ನಾಲ್ಕು ದೊಡ್ಡ ಹೆಜ್ಜೆ. ಅಷ್ಟರೊಳಗೆ ಒಣ ಹುಲ್ಲು, ಎಲೆ, ತೊಗಟೆ, ಟೆಂಟ್, ಹಗ್ಗ, ಟವೆಲ್, ಕುರ್ಚಿ, ಟಿಶ್ಯೂ ಕಟ್ಟು ಏನೂ ಇರಬಾರದು. ತಲೆ ಎತ್ತಿಯೂ ನೋಡಿ. ನೀಲಗಿರಿ ಮರದ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ಕೊಂಬೆಯಿಂದ ಜೋತಾಡುತ್ತಿರುತ್ತದೆ, ಬೇಸಿಗೆಯಲ್ಲಿ ಅದು ಕಾಗದಕ್ಕಿಂತ ಬೇಗ ಹತ್ತಿಕೊಳ್ಳುತ್ತದೆ. ಅದರ ಕೆಳಗೆ ಒಲೆ ಬೇಡ.

ನೆಲ ಮಟ್ಟವಾಗಿರಲಿ. ಗಾಳಿ ತಡೆಗೆ ತಗಡಿನ ಮರೆಯನ್ನು ಬರ್ನರ್‌ಗೆ ಮಾತ್ರ, ಮೂರು ಕಡೆ. ಸಿಲಿಂಡರ್ ಮರೆಯ ಹೊರಗೆ. ಟೆಂಟ್ ಒಳಗೆ ಅಥವಾ ಟೆಂಟು, ಕ್ಯಾರವಾನ್‌ಗೆ ಜೋಡಿಸಿದ ಮುಚ್ಚಿದ ಆನೆಕ್ಸ್‌ನಲ್ಲಿ ಹಚ್ಚುವುದು ಸಾವಿಗೆ ದಾರಿ, ಇದು ಬರೀ ಬೆಂಕಿಯ ಮಾತಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

5. ಗ್ಯಾಸ್ ಜೋಡಿಸಿ, ಸೋರಿಕೆ ನೋಡಿ

ಸಿಲಿಂಡರ್ ಕತ್ತಿನ ಹತ್ತಿರ ಟೆಸ್ಟ್ ತಾರೀಕು ಒತ್ತಿರುತ್ತದೆ. ಅಲ್ಲಿಂದ 10 ವರ್ಷ ದಾಟಿದ್ದರೆ ಅದನ್ನು ತುಂಬಿಸುವಂತಿಲ್ಲ, ಬದಲಾಯಿಸಿ. ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಎಸೆಯಿರಿ.

ಹಳೆಯ ಥರದ ಸಿಲಿಂಡರ್ ಜೋಡಣೆಯ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಈಚಿನ ಎಲ್‌ಸಿಸಿ 27 ಅನ್ನುವ ಜೋಡಣೆ ಬಲಕ್ಕೆ ಬಿಗಿಯಾಗುತ್ತದೆ. ಎರಡನ್ನೂ ಬಲವಂತವಾಗಿ ಸೇರಿಸಲು ಹೋಗಬೇಡಿ, ಸರಿಯಾದ ಅಡಾಪ್ಟರ್ ಹಾಕಿ. ರೆಗ್ಯುಲೇಟರ್ ಬರ್ನರ್ ಜೊತೆ ಬಂದದ್ದೇ ಆಗಿರಲಿ. ಬಾರ್ಬೆಕ್ಯೂನ ಕಡಿಮೆ ಒತ್ತಡದ್ದನ್ನು ಹೈ ಪ್ರೆಶರ್ ಬರ್ನರ್‌ಗೆ ಹಾಕಿದರೆ ಉರಿ ಏಳುವುದಿಲ್ಲ, ಉಲ್ಟಾ ಮಾಡಿದರೆ ಉರಿ ಕೈಗೆ ಸಿಗುವುದಿಲ್ಲ.

ಬರ್ನರ್ ಗುಂಡಿ ಮುಚ್ಚಿಟ್ಟು ಸಿಲಿಂಡರ್ ವಾಲ್ವ್ ತೆರೆಯಿರಿ. ಪ್ರತಿ ಜೋಡಣೆಗೂ ಸೋಪು ನೀರು ಸ್ಪ್ರೇ ಮಾಡಿ. ಗುಳ್ಳೆ ಬೆಳೆಯುತ್ತಾ ಹೋದರೆ ಸೋರುತ್ತಿದೆ ಅಂತ. ಮುಚ್ಚಿ, ಬಿಚ್ಚಿ, ಮತ್ತೆ ಜೋಡಿಸಿ, ಮತ್ತೆ ಸೋಪು ನೀರು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹಾರಿಹೋಗುವುದಿಲ್ಲ, ತಗ್ಗಿನಲ್ಲಿ ಕೂತಿರುತ್ತದೆ. ಸಿಲಿಂಡರ್ ನೆಟ್ಟಗೆ, ನೆರಳಲ್ಲಿ, ಪೈಪ್ ಎಷ್ಟು ಉದ್ದ ಇದೆಯೋ ಅಷ್ಟು ದೂರ ಇರಲಿ.

6. ಓವನ್ ಕಾಯಿಸುವುದು

ಕೆಂಡದಲ್ಲಿ ಶಾಖ ಕೆಳಗಿಂದಲೂ ಬರುತ್ತದೆ, ಮುಚ್ಚಳದಿಂದಲೂ ಬರುತ್ತದೆ. ಗ್ಯಾಸಿನಲ್ಲಿ ಕೆಳಗಿಂದ ಮಾತ್ರ. ಇಡೀ ಕೆಲಸ ಇರುವುದು ಆ ಕೆಳಗಿನ ಶಾಖವನ್ನು ನಿಧಾನ ಮಾಡಿ ಮೇಲಕ್ಕೆ ತರುವುದರಲ್ಲಿ.

ತಟ್ಟೆ ಇಡಿ, ಮೇಲೆ ಓವನ್, ಒಳಗೆ ಟ್ರಿವೆಟ್, ಮುಚ್ಚಳ ಹಾಕಿ. ಸಣ್ಣ ಉರಿಯಲ್ಲಿ 10ರಿಂದ 15 ನಿಮಿಷ ಬಿಡಿ. ದೊಡ್ಡ ಉರಿ ಕೊಟ್ಟು ಬೇಗ ಕಾಯಿಸುವುದೇ ಎಲ್ಲರೂ ಮಾಡುವ ತಪ್ಪು. ಖಾಲಿ ಕಬ್ಬಿಣಕ್ಕೆ ದೊಡ್ಡ ಉರಿ ತಾಗಿದರೆ ಎಣ್ಣೆ ಕುಡಿದು ಪಳಗಿದ ಪದರ ಸುಟ್ಟು ಹೋಗುತ್ತದೆ, ಒಂದೊಂದು ಸಲ ಪಾತ್ರೆಯೇ ಬಿರಿಯುತ್ತದೆ.

ಎರಡು ಒಲೆ ಇದ್ದರೆ ಕೊನೆಯ ಐದು ನಿಮಿಷ ಮುಚ್ಚಳವನ್ನು ಬೇರೆಯಾಗಿ ಎರಡನೇ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ. ಕಾದ ಮುಚ್ಚಳ ಸ್ವಲ್ಪ ಹೊತ್ತು ಮೇಲಿಂದ ಶಾಖ ಕೊಡುತ್ತದೆ, ಕೆಂಡಕ್ಕೆ ಬದಲು ನಿಮ್ಮ ಕೈಲಿರುವುದು ಇದೊಂದೇ.

ಹದ ನೋಡುವುದು ಹೀಗೆ: ಒಂದು ಚಿಟಿಕೆ ಮೈದಾ ಒಳಗೆ ಉದುರಿಸಿ. ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಸರಿ. ಬಿದ್ದ ಕೂಡಲೇ ಕಪ್ಪಾಗಿ ಹೊಗೆ ಬಂದರೆ ಜಾಸ್ತಿ ಕಾದಿದೆ, ಉರಿ ಆರಿಸಿ ಐದು ನಿಮಿಷ ಬಿಡಿ. ತಣ್ಣೀರು ಚಿಮುಕಿಸಬೇಡಿ, ಬಿಸಿ ಕ್ಯಾಸ್ಟ್ ಐರನ್ ಸೀಳಿಹೋಗುತ್ತದೆ.

ಶಾಖ ಉಳಿಯಲಿ ಅಂತ ಓವನ್ ಸುತ್ತ ಟವೆಲ್, ಹಳೆ ಕಂಬಳಿ ಸುತ್ತುವುದನ್ನು ನೋಡಿದ್ದೇನೆ. ಬೇಡವೇ ಬೇಡ. ಮುಚ್ಚಳದ ಮೇಲೆ ಮಾತ್ರ ಎರಡು ಮಡಿಕೆ ಅಲ್ಯೂಮಿನಿಯಂ ಫಾಯಿಲ್ ಹಾಕಬಹುದು, ಕೆಳಗೆ ಉರಿಯವರೆಗೆ ಇಳಿಬಿಡಬಾರದು.

7. ಡ್ಯಾಂಪರ್: ಕಲಿಯಲು ಇದೇ ಮೊದಲು

ಡ್ಯಾಂಪರ್ ಅಂದರೆ ಇಲ್ಲಿನ ಈಸ್ಟ್ ಇಲ್ಲದ ಕ್ಯಾಂಪ್ ಬ್ರೆಡ್. ಇದು ಸರಿಯಾಗಿ ಬಂದರೆ ನಿಮ್ಮ ಬರ್ನರ್ ನಿಮಗೆ ಅರ್ಥ ಆಗಿದೆ ಅಂತ ಲೆಕ್ಕ.

3 ಕಪ್ ಸೆಲ್ಫ್ ರೈಸಿಂಗ್ ಹಿಟ್ಟು (ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಮೈದಾ), ಚಿಟಿಕೆ ಉಪ್ಪು, 80 ಗ್ರಾಂ ತಣ್ಣನೆ ಬೆಣ್ಣೆ. ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿ ರವೆ ಹಾಗೆ ಮಾಡಿ, ಮುಕ್ಕಾಲು ಕಪ್ ನೀರು ಅಥವಾ ಹಾಲು ಹಾಕಿ ಕಲಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಸೇರಿಕೊಂಡರೆ ಸಾಕು. ನಾದಿದಷ್ಟೂ ಗಟ್ಟಿಯಾಗುತ್ತದೆ.

ಕೆಂಡದ ಮೇಲೆ ಮಾಡುವಾಗ ಗುಮ್ಮಟದ ಹಾಗೆ ಉಬ್ಬಿಸುತ್ತಾರೆ. ಗ್ಯಾಸಿಗೆ ಅದು ಆಗದು. 3 ಸೆಂಟಿಮೀಟರಿಗಿಂತ ದಪ್ಪ ಬೇಡ, ದಪ್ಪ ರೊಟ್ಟಿಯ ಹಾಗೆ ತಟ್ಟಿ. ಬೇಕಿಂಗ್ ಪೇಪರ್ ಅನ್ನು ಹಿಟ್ಟಿನ ಅಳತೆಗೆ ಕತ್ತರಿಸಿ, ಅಂಚು ಹೊರಗೆ ಇಣುಕಬಾರದು. ಟ್ರಿವೆಟ್ ಮೇಲಿಟ್ಟು ಕಾದ ಮುಚ್ಚಳ ಮುಚ್ಚಿ, ಉರಿ ಅತಿ ಸಣ್ಣ.

20 ನಿಮಿಷ ತೆರೆಯಬೇಡಿ. ತೆರೆದಾಗಲೆಲ್ಲ ಕೂಡಿಟ್ಟ ಶಾಖ ಹಾರಿಹೋಗುತ್ತದೆ. ಆಮೇಲೆ ಒಂದು ಸಲ ತೆರೆದು ಡ್ಯಾಂಪರ್ ಮಗುಚಿ ಹಾಕಿ. ಅಷ್ಟು ಹೊತ್ತಿಗೆ ಮೇಲ್ಭಾಗ ಬಿಳಿಚಿಕೊಂಡಿದ್ದರೂ ಒದ್ದೆ ಹೋಗಿ ಗಟ್ಟಿಯಾಗಿರುತ್ತದೆ, ಕೈಗೆ ಅಂಟುವುದಿಲ್ಲ. ಅಂಟಿದರೆ ಇನ್ನೈದು ನಿಮಿಷ ತಡೆಯಿರಿ. ಮುಚ್ಚಳವನ್ನು ಮತ್ತೆ ಕಾಯಿಸಿ ಮುಚ್ಚಿ 15 ನಿಮಿಷ. ಬೆರಳಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆಯಿತು.

8. ಪಲಾವ್, ಒಗ್ಗರಣೆ, ಹುಳಿ

ತರಕಾರಿ ಪಲಾವ್ ಕ್ಯಾಂಪ್ ಓವನ್‌ಗೆ ಹೇಳಿ ಮಾಡಿಸಿದ ಅಡುಗೆ. ಟ್ರಿವೆಟ್ ತೆಗೆಯಿರಿ, ತಟ್ಟೆ ಇರಲಿ. ಅರ್ಧ ಗಂಟೆ ನೆನೆಸಿದ ಬಾಸ್ಮತಿಗೆ ಒಂದಕ್ಕೆ ಒಂದೂವರೆ ನೀರು ಸಾಕು, ಭಾರದ ಮುಚ್ಚಳ ಹಬೆ ಬಿಡುವುದಿಲ್ಲ. ಕುದಿ ಬಂದ ಮೇಲೆ ಅತಿ ಸಣ್ಣ ಉರಿಯಲ್ಲಿ 12 ನಿಮಿಷ, ಆಮೇಲೆ ಗ್ಯಾಸ್ ಆರಿಸಿ 15 ನಿಮಿಷ ಮುಚ್ಚಿದ ಹಾಗೇ ಬಿಡಿ. ಕಬ್ಬಿಣ ಹಿಡಿದಿಟ್ಟ ಬಿಸಿಯಲ್ಲೇ ಮಿಕ್ಕಿದ್ದು ಬೇಯುತ್ತದೆ. ಮನೆಯ ಕುಕ್ಕರ್ ಲೆಕ್ಕದಲ್ಲಿ ಉರಿ ಬಿಟ್ಟರೆ ತಳ ಹಿಡಿಯುತ್ತದೆ.

ಬಿಸಿಬೇಳೆ ಬಾತ್, ಸಾರು, ಹುಳಿ ಇದರಲ್ಲಿ ಬೇಡ. ಹುಣಸೆಹಣ್ಣು, ಟೊಮೆಟೊ ಕುದಿಯುತ್ತಾ ಹೋದರೆ ಕಬ್ಬಿಣದ ವಾಸನೆ ಇಳಿಯುತ್ತದೆ, ಪಾತ್ರೆಯ ಪದರವೂ ಹಾಳು. ಎನಾಮಲ್ ಲೇಪ ಇರುವ ಪಾತ್ರೆಯಾದರೆ ಮಾಡಬಹುದು.

ಒಗ್ಗರಣೆಗೆ ಎಣ್ಣೆ ಕಡಿಮೆ ಇರಲಿ, ಸಾಸಿವೆ ಸಿಡಿಯುವಾಗ ಉರಿ ಸಣ್ಣ ಇರಲಿ. ಬ್ಯಾನ್ ದಿನ ಬಜ್ಜಿ, ಪೂರಿ ಕರಿಯುವುದು ಬಿಟ್ಟುಬಿಡಿ. ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಮುಚ್ಚಿ, ಪಾತ್ರೆಗೆ ಮುಚ್ಚಳ ಹಾಕಿ ಅಥವಾ ಫೈರ್ ಬ್ಲಾಂಕೆಟ್ ಹೊದಿಸಿ. ಆ 10 ಲೀಟರ್ ನೀರು ಹುಲ್ಲಿಗೆ, ಎಣ್ಣೆಗೆ ಅಲ್ಲ. ಕಾದ ಎಣ್ಣೆಗೆ ನೀರು ಬಿದ್ದರೆ ಉರಿ ಆಳೆತ್ತರ ಏಳುತ್ತದೆ. ಇದನ್ನು ಜೊತೆಗಿರುವ ಎಲ್ಲರಿಗೂ ಒಲೆ ಹಚ್ಚುವ ಮೊದಲೇ ಹೇಳಿ.

9. ಇವು ಕಂಡರೆ ತಕ್ಷಣ ಆರಿಸಿ

- ಉರಿ ನೀಲಿ ಹೋಗಿ ಹಳದಿಯಾದರೆ, ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ. ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ.
- ಗ್ಯಾಸ್ ವಾಸನೆ ಬಂದರೆ, ಪೈಪ್ ಅಥವಾ ಸಿಲಿಂಡರ್ ಮುಟ್ಟಿದರೆ ಬಿಸಿ ಅನಿಸಿದರೆ.
- ಗಾಳಿಗೆ ಉರಿ ಪಾತ್ರೆಯ ಹೊರಗೆ ನಾಲಗೆ ಚಾಚುತ್ತಿದ್ದರೆ, ಅಥವಾ ಮತ್ತೆ ಮತ್ತೆ ಆರುತ್ತಿದ್ದರೆ.
- ತಲೆನೋವು, ತಲೆ ಸುತ್ತು ಬಂದರೆ. ಮೊದಲು ಅಲ್ಲಿಂದ ಹೊರಗೆ ಬನ್ನಿ.
- ದೂರದಲ್ಲಿ ಹೊಗೆ ಕಂಡರೆ ಅಥವಾ ಫೋನಿಗೆ ಎಚ್ಚರಿಕೆ ಬಂದರೆ. ಊಟ ಅರ್ಧಕ್ಕೆ ಬಿಟ್ಟು ಹೊರಡಿ. ತುರ್ತಿಗೆ ಕರೆ ಮಾಡುವ ನಂಬರ್ 000.

ಒಲೆ ಹತ್ತಿರ ಇರುವವರು ಟಾಯ್ಲೆಟ್‌ಗೆ ಹೋಗಬೇಕಾದರೂ ಇನ್ನೊಬ್ಬ ದೊಡ್ಡವರನ್ನು ಕೂರಿಸಿ ಹೋಗಬೇಕು. ಹದಿಮೂರು ವರ್ಷದ ಮಗ ಎಷ್ಟೇ ಜಾಣನಾದರೂ ಲೆಕ್ಕಕ್ಕಿಲ್ಲ.

10. ಆರಿಸಿ ಎತ್ತಿಡುವುದು

ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ. ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಆರಲಿ. ಆಮೇಲೆ ಬರ್ನರ್ ಗುಂಡಿ ಮುಚ್ಚಿ.

ಈಗ ಆಗುವ ತಪ್ಪು ಒಂದಿದೆ. ಬಿಸಿ ಓವನ್ನನ್ನು ಎತ್ತಿ ಪಕ್ಕದ ಹುಲ್ಲಿನ ಮೇಲೆ ಇಡುತ್ತಾರೆ. ಮುಚ್ಚಳವನ್ನೂ ಹಾಗೇ. ಇಷ್ಟು ಜಾಗರೂಕತೆ ಮಾಡಿ ಕೊನೆಗೆ ಒಣ ಹುಲ್ಲಿಗೆ ಕಾದ ಕಬ್ಬಿಣ ತಾಗಿಸಿದ ಹಾಗೆ. ಬರ್ನರ್ ಮೇಲೇ ಬಿಡಿ, ಇಲ್ಲವೇ ಆ ಖಾಲಿ ಮಾಡಿದ ಜಾಗದೊಳಗೆ ಬರಿ ಮಣ್ಣಿನ ಮೇಲಿಡಿ. ಕೈಯಲ್ಲಿ ಮುಟ್ಟುವ ಹಾಗೆ ಆಗಲು ಒಂದು ಗಂಟೆ ಬೇಕಾಗಬಹುದು. ಅಲ್ಲಿವರೆಗೆ ಬಕೆಟ್ ಜಾಗ ಬಿಡಬಾರದು, ಯಾರಾದರೊಬ್ಬರು ಕಣ್ಣಿಟ್ಟಿರಬೇಕು.

ಸಿಲಿಂಡರನ್ನು ಬಿಸಿಲಿಗೆ ನಿಂತ ಕಾರಿನೊಳಗೆ ಬಿಡಬೇಡಿ, ನೆರಳಲ್ಲಿ ನೆಟ್ಟಗೆ ನಿಲ್ಲಿಸಿ. ಸಂಜೆ ಮತ್ತೆ ಆ್ಯಪ್ ನೋಡಿ, ಬಿಸಿ ಮುಂದುವರಿದರೆ ಬ್ಯಾನ್ ಮರುದಿನಕ್ಕೂ ಬರುತ್ತದೆ. ಬಂದಿದ್ದರೆ ಬಕೆಟಿನ ನೀರನ್ನು ಪಾತ್ರೆ ತೊಳೆಯಲು ಯಾರೂ ಮುಟ್ಟಬಾರದು ಅಂತ ಹೇಳಿ, ಖಾಲಿಯಾಗಿದ್ದರೆ ಕತ್ತಲಾಗುವ ಮೊದಲೇ ಮತ್ತೆ ತುಂಬಿಡಿ.